ಸಹಾಯ ಬೇಕು: 300 ಜನ, 120 ಸೀಟು, ಮೂರು ಶಿಫ್ಟ್

ನಮಸ್ಕಾರ. ನಾನು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ಅಡ್ಮಿನ್ ಕೆಲಸ ನೋಡಿಕೊಳ್ಳುತ್ತೇನೆ. ಶಿಫ್ಟ್‌ಗೆ 100 ಜನ, ಸೀಟು 120. ಲೆಕ್ಕಕ್ಕೆ ಸಾಕು. ಆದರೆ ಒಂದು ಶಿಫ್ಟ್ ಅಂದರೆ 9 ಗಂಟೆ. ಹಾಗಾಗಿ ಶಿಫ್ಟ್ ಬದಲಾಗುವಾಗ, ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಎರಡು ಶಿಫ್ಟ್‌ನ 200 ಜನ ಒಳಗಿರುತ್ತಾರೆ.

ನಿನ್ನೆ ಮಧ್ಯಾಹ್ನ ಒಬ್ಬ ಹುಡುಗಿ ಹೆಡ್‌ಸೆಟ್ ಹಿಡಿದುಕೊಂಡು ಇಪ್ಪತ್ತು ನಿಮಿಷ ಗೋಡೆಗೆ ಒರಗಿ ನಿಂತಿದ್ದಳು. ತುಂಬಾ ಬೇಜಾರಾಯಿತು. ಸೀಟಿನಲ್ಲಿದ್ದವರು ಕಾಲ್ ಮಧ್ಯೆ ಇದ್ದರು, ಎಬ್ಬಿಸೋಕೆ ಆಗಲ್ಲ ಅಲ್ವಾ?

ಟೀಮ್ ಮೀಟಿಂಗ್, ಟ್ರೈನಿಂಗ್ ಎಲ್ಲವನ್ನೂ ಆ ಒಂದು ಗಂಟೆಗೆ ಹಾಕಿ, ಕೆಫೆಟೇರಿಯಾದಲ್ಲಿ ಕೂರಿಸೋಣ ಅಂತಿದ್ದೇನೆ. ತಂಡಗಳನ್ನು ಅರ್ಧರ್ಧ ಗಂಟೆ ಬಿಟ್ಟು ಕರೆಸಿದರೆ ಇನ್ನೂ ಒಳ್ಳೆಯದು, ಆದರೆ ಅವರನ್ನು ಕರೆತರುವ ಕ್ಯಾಬ್‌ಗಳ ಟ್ರಿಪ್ ಜಾಸ್ತಿಯಾಗುತ್ತದೆ. ಯಾರಾದರೂ ಹೀಗೆ ಮಾಡಿದ್ದೀರಾ? ಕ್ಯಾಬ್ ರೋಸ್ಟರ್ ಹೇಗೆ ಹೊಂದಿಸಿದಿರಿ? ದಯವಿಟ್ಟು ತಿಳಿಸಿ.