ಕ್ವಾಂಟಂ ಕಂಪ್ಯೂಟರ್ ಬರುತ್ತಂತೆ, ಸಣ್ಣ ಸಹಕಾರಿ ಬ್ಯಾಂಕ್ ಈಗೇನು ಮಾಡ್ಬೇಕು?

ಮಂಡಿಪೇಟೆ_ಐಟಿ:
ದಾವಣಗೆರೆಯ ಒಂದು ಪಟ್ಟಣ ಸಹಕಾರಿ ಬ್ಯಾಂಕಿನಾಗ ಕಂಪ್ಯೂಟರ್ ವಿಭಾಗ ನೋಡ್ಕೊತೀನಿ. ವಿಭಾಗ ಅಂದ್ರೆ ನಾನು, ಇನ್ನೊಬ್ಬ ಹುಡುಗ. ಬೋರ್ಡ್ ಮೀಟಿಂಗಿಗೆ ನಿರ್ದೇಶಕರೊಬ್ಬರು ಪೇಪರ್ ಕಟಿಂಗ್ ಹಿಡ್ಕೊಂಡು ಬಂದು, "ಕ್ವಾಂಟಂ ಬಂದ್ರ ಪಾಸ್‌ವರ್ಡ್ ಎಲ್ಲಾ ಒಡೀತಾವಂತಲ್ರಿ, ಏನು ತಯಾರಿ ಮಾಡೀರಿ?" ಅಂದ್ರು. ಅಷ್ಟರಾಗ ಒಬ್ಬ ಸೇಲ್ಸಿನವನು 'ಕ್ವಾಂಟಂ ಸೇಫ್' ಡಬ್ಬಿಯ ಕೊಟೇಶನ್ ಕಳಿಸ್ಯಾನ. ಆ ದುಡ್ಡಿನಾಗ ಒಂದು ಶಾಖೆಯ ಕಂಪ್ಯೂಟರ್ ಎಲ್ಲಾ ಬದಲಾಯಿಸಬಹುದು! ನಮ್ಮ ಕೋರ್ ಬ್ಯಾಂಕಿಂಗ್ (ಎಲ್ಲಾ ಖಾತೆ ನೋಡ್ಕೊಳ್ಳೋ ಮುಖ್ಯ ಸಾಫ್ಟ್‌ವೇರ್) ನಡಿಯೋದು ಬೆಂಗಳೂರಿನ ವೆಂಡರ್ ಹತ್ರ. ನಮ್ಮ ಕೈಯಾಗ ಏನೈತಿ?

ಕೋಟೆ_ಊರಿನವ:
ದುರ್ಗದಿಂದ ನಮಸ್ಕಾರ. ಡಬ್ಬಿ ತಗೋಬೇಡ್ರಿ ಸರ್. ಹಳೇ ವಿಂಡೋಸ್ ಓಡ್ಸೋ ಎಟಿಎಂ ಇದ್ರೆ ಮೊದ್ಲು ಅದನ್ನ ನೋಡ್ರಿ.

ದಾವಣಗೆರೆ_ಹುಡುಗಿ:
ಊರು ಅಲ್ಲೇ, ಕೆಲಸ ಬೆಂಗಳೂರಲ್ಲಿ, ಇದೇ ವಿಷಯದ ಮೇಲೆ. ಪಾಸ್‌ವರ್ಡ್ ಅಲ್ಲ ಸರ್ ತೊಂದರೆ. 1994ರಲ್ಲಿ ಗಣಿತಜ್ಞ ಪೀಟರ್ ಶೋರ್ ತೋರಿಸಿದ ಕ್ವಾಂಟಂ ವಿಧಾನಕ್ಕೆ ಬೀಳೋದು ಆರ್‌ಎಸ್‌ಎ, ಇಸಿಸಿ ಅನ್ನೋ ಗೂಢಲಿಪಿ ವಿಧಾನಗಳು: ಅಂದ್ರೆ ಅವನ್ನ ನಂಬಿರೋ ಶಾಖೆಯ ವಿಪಿಎನ್ (ಕಚೇರಿಗಳ ನಡುವಿನ ಗುಟ್ಟಿನ ಲೈನು), ಮೊಬೈಲ್ ಆ್ಯಪಿನ ಟಿಎಲ್‌ಎಸ್ (ಆ್ಯಪಿಂದ ಬ್ಯಾಂಕಿಗೆ ಹೋಗೋ ಮಾಹಿತಿಗೆ ಹಾಕೋ ಬೀಗ), ಡಿಜಿಟಲ್ ಸಹಿ. ಬೀಗ ಹಾಕೋಕೂ ತೆಗೆಯೋಕೂ ಒಂದೇ ಕೀಲಿ ಬಳಸೋ ಎಇಎಸ್-256ಕ್ಕೆ ಅಷ್ಟು ಭಯ ಇಲ್ಲ. ಒಡೆಯುವಂಥ ಯಂತ್ರ ಇನ್ನೂ ಇಲ್ಲ; ಗೂಗಲ್‌ನ ವಿಲ್ಲೋ ಚಿಪ್ಪಲ್ಲಿರೋದು 105 ಕ್ಯೂಬಿಟ್ (ಕ್ವಾಂಟಂ ಯಂತ್ರದ ಮೂಲ ಘಟಕ). ಆದ್ರೆ 2048 ಬಿಟ್ ಆರ್‌ಎಸ್‌ಎ ಒಡೆಯೋಕೆ 2 ಕೋಟಿ ಕ್ಯೂಬಿಟ್ ಬೇಕು ಅಂತ 2019ರಲ್ಲಿ ಲೆಕ್ಕ ಹಾಕಿದ್ರು, 2025ರಲ್ಲಿ ಅದೇ ಲೆಕ್ಕ 10 ಲಕ್ಷಕ್ಕಿಂತ ಕೆಳಗೆ ಬಂತು. ನನಗೆ ನಿದ್ದೆಗೆಡಿಸೋದು ಈ ಇಳಿಕೆ.

ಇವತ್ತು ಕದ್ದ ಒಟಿಪಿ ನಾಳೆ ಕಸ. 20 ವರ್ಷದ ಮನೆ ಸಾಲದ ಕಡತದಲ್ಲಿರೋ ಆಧಾರ್, ಪ್ಯಾನ್ ಹಾಗಲ್ಲ. ಈಗ ಲೈನಿನಿಂದ ಹಿಡಿದಿಟ್ಟು, ಯಂತ್ರ ಬಂದ ಮೇಲೆ ಬಿಚ್ಚಬಹುದು. ಅದಕ್ಕೇ ಮೊದಲು ಯಾವ ಮಾಹಿತಿ ಎಷ್ಟು ವರ್ಷ ಗುಟ್ಟಾಗಿರಬೇಕು, ಅದು ಯಾವ ದಾರಿಯಲ್ಲಿ ಓಡಾಡುತ್ತೆ ಅಂತ ಪಟ್ಟಿ ಮಾಡಿ. ಒಂದು ಎಕ್ಸೆಲ್ ಶೀಟ್ ಸಾಕು, ಖರ್ಚಿಲ್ಲ. ಕ್ವಾಂಟಂ ಯಂತ್ರವನ್ನ ತಡೆಯೋ ಹೊಸ ಮಾನದಂಡಗಳನ್ನ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಆಗಸ್ಟ್ 2024ರಲ್ಲೇ ಹೊರಡಿಸಿದೆ: ಕೀಲಿ ವಿನಿಮಯಕ್ಕೆ ಎಂಎಲ್-ಕೆಇಎಂ, ಸಹಿಗೆ ಎಂಎಲ್-ಡಿಎಸ್‌ಎ. ವೆಂಡರ್ ಒಪ್ಪಂದ ನವೀಕರಿಸುವಾಗ ಇವನ್ನ ಯಾವಾಗ ಅಳವಡಿಸ್ತೀರಿ ಅನ್ನೋ ಷರತ್ತು ಹಾಕ್ಸಿ.

ಮಂಡಿಪೇಟೆ_ಐಟಿ:
ಭಾಳ ಉಪಕಾರ ಆತು ಮೇಡಂ. ವೆಂಡರ್ ಫೋನ್ ಮಾಡಿದ್ರ "ಎಲ್ಲಾ ರೆಡಿ ಐತಿ" ಅಂತಾನ. ಅವನ ಪ್ರಕಾರ ಯಾವಾಗ್ಲೂ ಎಲ್ಲಾ ರೆಡಿನೇ.

ದಾವಣಗೆರೆ_ಹುಡುಗಿ:
ಟಿಎಲ್‌ಎಸ್ ನಡೆಸೋ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಲ್ ಯಾವ ಆವೃತ್ತಿ ಕೇಳಿ, 3.5ರಿಂದ ಎಂಎಲ್-ಕೆಇಎಂ ಅದರೊಳಗೇ ಇದೆ. ಆಮೇಲೆ ಎಚ್‌ಎಸ್‌ಎಂ, ಅಂದ್ರೆ ಗುಟ್ಟಿನ ಕೀಲಿಗಳನ್ನ ಕಾಯೋ ಪೆಟ್ಟಿಗೆ. ಆರ್‌ಎಸ್‌ಎ-2048 ಸಹಿ 256 ಬೈಟ್, ಎಂಎಲ್-ಡಿಎಸ್‌ಎ-65ರದ್ದು 3,309. ಹಳೇ ಪೆಟ್ಟಿಗೆ, ಹಳೇ ಲೈನು ಅಷ್ಟು ತಡ್ಕೊಳ್ಳುತ್ತಾ, ಪರೀಕ್ಷೆ ಮಾಡಿದ್ದಾರಾ? ಉತ್ತರ ಇಮೇಲಲ್ಲೇ ತಗೊಳ್ಳಿ.