ಬ್ಲೂಮ್ಸ್‌ಬರಿ ಅರ್ಧ ದಿನದಲ್ಲಿ ನೋಡೋಕಾಗುತ್ತಾ?

ಪ್ರಶ್ನೆ: ಕೋಲಾರದ ನಮ್ಮ ಓದುಗರ ಬಳಗದಿಂದ ಐದು ಜನ ಲಂಡನ್ನಿಗೆ ಹೊರಟಿದ್ದಾರೆ. ಇಬ್ಬರಿಗೆ ಮಂಡಿ ನೋವು. ಅಲ್ಲಿ ಹಳೆಯ ಲೇಖಕರಿದ್ದ ಬ್ಲೂಮ್ಸ್‌ಬರಿ ಬಡಾವಣೆಯಲ್ಲಿ ಎಲ್ಲಿಂದ ಶುರು ಮಾಡಬೇಕು, ಯಾವುದನ್ನ ಬಿಡಬಹುದು?

ಉತ್ತರ 1: ಹೀತ್ರೂ ವಿಮಾನ ನಿಲ್ದಾಣದಿಂದ ಪಿಕಡಿಲಿ ಲೈನ್ ಮೆಟ್ರೋ ನೇರ ರಸೆಲ್ ಸ್ಕ್ವೇರ್ ಸ್ಟೇಷನ್ನಿಗೆ ಬರುತ್ತೆ, ರೈಲು ಬದಲಿಸೋದು ಬೇಡ. ಅಲ್ಲಿ ಎಷ್ಟೇ ಜನ ಇರಲಿ, ಲಿಫ್ಟಿಗೇ ಕಾಯಿರಿ ಸಾರ್. ಸುರುಳಿ ಮೆಟ್ಟಿಲು 175 ಇವೆ, ಮಧ್ಯದಲ್ಲಿ ಸುಸ್ತಾದರೆ ಕೂರೋಕೂ ಜಾಗ ಇಲ್ಲ. ಮೊದಲು ಟ್ಯಾವಿಸ್ಟಾಕ್ ಸ್ಕ್ವೇರ್. ನಡುವೆ ಗಾಂಧಿ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ, ಪೀಠದ ಗೂಡಿನಲ್ಲಿ ಜನ ಹೂವಿಡ್ತಾರೆ. ಮೂಲೆಯಲ್ಲಿ ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಪ್ರತಿಮೆ. ಆಕೆಯ 52ನೇ ನಂಬರ್ ಮನೆ ಹುಡುಕಬೇಡಿ, 1940ರ ಬಾಂಬ್ ದಾಳಿಯಲ್ಲಿ ಹೋಯ್ತು. ಆ ಜಾಗದಲ್ಲಿ ಈಗ ಹೋಟೆಲಿದೆ.

ಉತ್ತರ 2: ಪಕ್ಕದಲ್ಲೇ ಗಾರ್ಡನ್ ಸ್ಕ್ವೇರ್. ವುಲ್ಫ್ ಮತ್ತವರ ಲೇಖಕ, ಕಲಾವಿದ ಗೆಳೆಯರ ‘ಬ್ಲೂಮ್ಸ್‌ಬರಿ ಬಳಗ’ ಶುರುವಾದ 46ನೇ ಮನೆಯ ಫಲಕದಲ್ಲಿ ಇರೋದು ಅರ್ಥಶಾಸ್ತ್ರಜ್ಞ ಕೇನ್ಸ್ ಹೆಸರು. ಅದನ್ನ ನೋಡಿ ಮನೆ ತಪ್ಪಾಯ್ತು ಅಂದ್ಕೋಬೇಡಿ. ಬಳಗದ ಫಲಕ 50ರ ಗೋಡೆಯಲ್ಲಿದೆ. ಈ ಮನೆಗಳನ್ನ ಹೊರಗಿಂದಲೇ ನೋಡಬೇಕು. ಒಳಗೆ ಹೋಗಿ ನೋಡೋಕೆ ಡೌಟಿ ಸ್ಟ್ರೀಟ್ 48 ಇದೆ, ಡಿಕನ್ಸ್ 1837ರಿಂದ 1839ರ ತನಕ ಇದ್ದ ಮನೆ. ಅದನ್ನ ಮಾತ್ರ ಬಿಡಲೇಬೇಡಿ.

ಉತ್ತರ 3: ಡಿಕನ್ಸ್ ಮನೆಗೆ ಟಿಕೆಟ್ ಉಂಟು, ವಾರದ ಮೊದಲ ದಿನಗಳಲ್ಲಿ ಬಾಗಿಲು ಹಾಕಿರೋದೂ ಉಂಟು. ದಿನ ನೋಡ್ಕೊಂಡೇ ಹೊರಡಿ.