ಹಾಲು-ಮೊಸರೂ ಬಿಟ್ಟಿದ್ದೇನೆ, ಜಿಂಕ್ ಮಾತ್ರೆ ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಧಾರವಾಡದ ಹುಡುಗ: ಮಾಂಸ, ಮೊಟ್ಟೆ ಮನೆಯಲ್ಲಿ ಮೊದಲಿಂದಲೂ ಇಲ್ಲ. ಎಂಟು ತಿಂಗಳಿಂದ ಹಾಲು, ಮೊಸರನ್ನೂ ಬಿಟ್ಟೆ. ಅಷ್ಟರಲ್ಲಿ ನಾಲ್ಕು ಸಲ ಶೀತ, ಪದೇ ಪದೇ ಬಾಯಿಹುಣ್ಣು. ದಿನಕ್ಕೆ 50 ಮಿಲಿಗ್ರಾಂ ಜಿಂಕ್ ಶುರು ಮಾಡಬೇಕು ಅಂತಿದ್ದೇನೆ. ತಗೊಂಡವರು ಇದ್ದೀರಾ?

ತುಮಕೂರು ಮೇಷ್ಟ್ರು: ನಾನು ತಗೊಂಡಿದ್ದೆ. ಅದೇ 50. ಯಾರನ್ನೂ ಕೇಳದೆ 14 ತಿಂಗಳು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7.8, ಬಿಳಿ ರಕ್ತಕಣ ಇರಬೇಕಾದ್ದರ ಅರ್ಧಕ್ಕಿಂತ ಕಡಿಮೆ. ಕಬ್ಬಿಣದ ಮಾತ್ರೆ ಮೂರು ತಿಂಗಳು ನುಂಗಿದೆ, ಏನೂ ಏರಲಿಲ್ಲ. ಮೂಳೆಯ ಮಜ್ಜೆ (ಬೋನ್ ಮ್ಯಾರೋ) ಪರೀಕ್ಷೆಗೆ 11,500, ಓಡಾಟ, ರಜೆ ಎಲ್ಲ ಸೇರಿ 38,000 ಹೋಯ್ತು. ಕೊನೆಗೆ ಒಬ್ಬ ಡಾಕ್ಟರ್ ಕೇಳಿದರು, "ಬೇರೆ ಯಾವ ಮಾತ್ರೆ ತಗೋತಿದ್ದೀರಿ?" ಜಿಂಕ್ ಅಂದೆ. ತಾಮ್ರ ಪರೀಕ್ಷೆ ಮಾಡಿಸಿದರೆ ತಳ ಮುಟ್ಟಿತ್ತು. ಜಿಂಕ್ ಜಾಸ್ತಿಯಾದರೆ ಕರುಳು ತಾಮ್ರವನ್ನು ರಕ್ತಕ್ಕೆ ಬಿಡುವುದಿಲ್ಲ. ರೋಗನಿರೋಧಕ ಶಕ್ತಿ ಬರಲಿ ಅಂತ ನುಂಗಿದ್ದೇ ಬಿಳಿ ರಕ್ತಕಣ ಇಳಿಸಿತು. ರಕ್ತ ಎರಡು ತಿಂಗಳಲ್ಲಿ ಸರಿಹೋಯ್ತು. ಪಾದ ಇನ್ನೂ ಜೋಮು. ನಡೆಯುವಾಗ ಚಪ್ಪಲಿ ಕಳಚಿಕೊಂಡರೂ ಗೊತ್ತಾಗಲ್ಲ, ನಾಲ್ಕು ಹೆಜ್ಜೆ ಆದಮೇಲೆ ನೆಲ ನೋಡಿ ತಿಳಿಯುತ್ತೆ.

ಹಸಿರುಬಳ್ಳಿ, ಮೈಸೂರು: ಮಾತ್ರೆಯೇ ಬೇಡ. ಆರು ವರ್ಷದಿಂದ ಹಾಲು ಮುಟ್ಟಿಲ್ಲ, ಗಟ್ಟಿಮುಟ್ಟಾಗಿದ್ದೇನೆ. ಕಾಳಲ್ಲಿ ಜಿಂಕ್ ಇದೆ, ಆದರೆ ಕಾಳಲ್ಲೇ ಇರುವ ಫೈಟೇಟ್ ಅನ್ನೋ ಅಂಶ ಅದನ್ನು ಮೈಗೆ ಹತ್ತದಂತೆ ಹಿಡಿದಿಟ್ಟಿರುತ್ತೆ. ಡಾ. ಆನಂದ ಪ್ರಸಾದ್ 1960ರ ಆಸುಪಾಸಿನಲ್ಲಿ ಇರಾನಿನ ಶಿರಾಜ್ ಕಡೆ ಕಂಡದ್ದು ಇದನ್ನೇ. ಬೆಳವಣಿಗೆ ನಿಂತ ಯುವಕರು, ಹುದುಗು ಬರಿಸದ ಗೋಧಿ ರೊಟ್ಟಿಯೇ ಊಟ. ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತೆ, ಅದಕ್ಕೇ ನಾನು ರಾಗಿಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಬಸಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟುತ್ತೇನೆ. ಒಂದೂವರೆ ದಿನಕ್ಕೆ ಗಂಟು ಬೆಚ್ಚಗಾಗುತ್ತೆ, ಬಟ್ಟೆಯ ಎಳೆಗಳ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತೆ. ಒಣಗಿಸಿ, ಹದವಾಗಿ ಹುರಿದು, ಮಿಲ್ಲಿಗೆ ಕೊಡುವುದು. ಎಳ್ಳು, ಸಿಹಿಕುಂಬಳದ ಬೀಜ ದಿನಾ ಬೇಕು. ಊಟದ ಜೊತೆ ಕಾಫಿ ಬಿಟ್ಟೆ, ಅದು ಕಬ್ಬಿಣಕ್ಕೆ ಅಡ್ಡ. ಇಷ್ಟು ಶ್ರಮ ಪಡದವರು ತಮ್ಮ ತಪ್ಪಿಗೆ ಊಟದ ಮೇಲೆ ದೂರು ಹಾಕಬಾರದು.

ತುಮಕೂರು ಮೇಷ್ಟ್ರು: ನಾನು ಊಟದ ಮೇಲೆ ಎಲ್ಲಿ ದೂರು ಹಾಕಿದೆ, ಅಕ್ಕ? ಮಾತ್ರೆ ಬಗ್ಗೆ ಹೇಳಿದ್ದು. ಓದಿ ಬರೆಯಿರಿ.

ಪುಟ್ಟಿಯ ಅಪ್ಪ: ಮಿಲ್ಲು ಅಂದಿರಲ್ಲ, ಅಲ್ಲೇ ನಾವೂ ಎಡವಿದ್ದು. ಮಗಳಿಗೆ ಸೀಲಿಯಾಕ್, ಅಂದರೆ ಗೋಧಿ ತಿಂದರೆ ಕರುಳು ಹಾಳಾಗುವ ಕಾಯಿಲೆ. ಗೊತ್ತಾಗುವ ಮೊದಲು ತಿಂಗಳಿಗೊಮ್ಮೆ ಭೇದಿ. ಪ್ರತಿ ಸಲ ಓಆರ್‌ಎಸ್, ಜೊತೆಗೆ 14 ದಿನ ಜಿಂಕ್. ನಿಲ್ಲೋದು, ಮತ್ತೆ ಬರೋದು. ಕರುಳೇ ಹಾಳಾಗಿದ್ದರೆ ಯಾವ ಕಾಳು ತಿಂದರೇನು? ಗೋಧಿ ಬಿಡಿಸಿ ರಾಗಿ ಕೊಟ್ಟೆವು, ಆದರೂ ವಾಸಿಯಾಗಲಿಲ್ಲ. ಯಾಕೆ? ಮಿಲ್ಲಿನವನು ಗೋಧಿ ಬೀಸಿದ ಕಲ್ಲಲ್ಲೇ ರಾಗಿ ಹಾಕುತ್ತಿದ್ದ. 14,800 ಕೊಟ್ಟು ಮನೆಗೇ ಹಿಟ್ಟಿನ ಗಿರಣಿ ತಂದೆ. ಐದು ತಿಂಗಳಲ್ಲಿ ಮೂರು ಕೆಜಿ ಏರಿದಳು. "ಶ್ರಮ ಪಡದವರು" ಅನ್ನುವ ಮಾತು ವಾಪಸ್ ತಗೊಳ್ಳಿ.

ಹಸಿರುಬಳ್ಳಿ, ಮೈಸೂರು: ನಿಮ್ಮ ಮಗಳಿಗೆ ಹೇಳಿದ್ದಲ್ಲ ಸರ್. ಕಾಯಿಲೆ ಇದ್ದವರ ಲೆಕ್ಕ ಬೇರೆ.

ಪುಟ್ಟಿಯ ಅಪ್ಪ: ನಮಗೂ ಎರಡು ವರ್ಷ ಕಾಯಿಲೆ ಅಂತ ಗೊತ್ತಿರಲಿಲ್ಲ. ಕೇಳಿದ ಹುಡುಗನಿಗೆ ಮಾತ್ರ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?

ಹಾಸನದ ಗೌಡ: ವಾರಕ್ಕೆರಡು ಸಲ ಮಟನ್ ತಿಂದರೆ ಈ ಮಾತೇ ಇಲ್ಲ.

ಹಸಿರುಬಳ್ಳಿ, ಮೈಸೂರು: ಯಾರೂ ಅದನ್ನು ಕೇಳಿಲ್ಲ.

ಲ್ಯಾಬ್ ಕೆಲಸದವಳು: ಜಗಳ ಆಮೇಲೆ. ಶೀತ-ಜ್ವರ ಇರುವಾಗ ಜಿಂಕ್ ಪರೀಕ್ಷೆ ಮಾಡಿಸಬೇಡಿ, ಸೋಂಕಿನಲ್ಲಿ ರಕ್ತದ ಜಿಂಕ್ ತಾನಾಗಿಯೇ ಇಳಿದಿರುತ್ತೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡಿ. ಅದಕ್ಕೆ ಬೇರೆ ಟ್ಯೂಬ್ ಇದೆ, ಕೇಳಿ ಪಡೆಯಿರಿ. ನನ್ನ ತಮ್ಮನಿಗೆ ಬೇರೆ ಕಡೆ ಮಾಮೂಲಿ ಟ್ಯೂಬಿನಲ್ಲಿ ತೆಗೆದು ಜಾಸ್ತಿ ತೋರಿಸಿತು, 1,200 ದಂಡ, ಮತ್ತೆ 1,200. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ್ದು ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ, ಹೆಂಗಸರಿಗೆ 13.2. ಅದೂ ಊಟದಿಂದ ಬರುವ ಜಿಂಕ್ ಸೇರಿ.

ಧಾರವಾಡದ ಹುಡುಗ: ಹಂಗಾದ್ರೆ 50 ಬೇಡವೇ?

ತುಮಕೂರು ಮೇಷ್ಟ್ರು: ಡಾಕ್ಟರ್ ಹೇಳದೆ ಬೇಡ ತಮ್ಮಾ. ಪೆಟ್ಟಿಗೆ ಕೊಂಡಿದ್ದರೆ ಇವತ್ತೇ ಅಂಗಡಿಗೆ ವಾಪಸ್ ಕೊಡು.

ಪುಟ್ಟಿಯ ಅಪ್ಪ: ಮೈಸೂರಿನವರೇ, ನಿಮ್ಮ ಮಿಲ್ಲಿನಲ್ಲಿ ರಾಗಿಗೆ ಬೇರೆ ಕಲ್ಲು ಇದೆಯಾ ಇಲ್ವಾ? ಅದಕ್ಕೆ ಉತ್ತರ ಕೊಡಿ ಮೊದಲು.